ಸೆಲ್ಲಿನೊಳಗೆ ತುಂಬುವುದೇನು? ನಾರಾವಿಯ ಮಳೆಗಾಲದ ಟಿಪ್ಪಣಿಗಳು

ಜೂನ್, ಮಳೆ ಹಿಡಿದ ಮೂರನೇ ರಾತ್ರಿ

ಕರೆಂಟ್ ಹೋಗಿ ಹದಿನೆಂಟು ಗಂಟೆ ಆಯಿತು. ಗುಡ್ಡದ ಬದಿಯಲ್ಲಿ ಎಲ್ಲೋ ಮರ ಬಿದ್ದು ತಂತಿ ಕಡಿದಿದೆಯಂತೆ. ಕೊಟ್ಟಿಗೆಯಲ್ಲಿ ದನ ಕೂಗಿತೆಂದು ಟಾರ್ಚ್ ಹಿಡಿದು ಅಂಗಳಕ್ಕಿಳಿದೆ. ಬೆಳಕು ಚೆನ್ನಾಗಿಯೇ ಇತ್ತು, ಮಳೆಯ ಎಳೆ ಎಳೆ ಕಾಣುವಷ್ಟು. ಅಂಗಳದ ನಡುವೆ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಡುವ ಹೊತ್ತಿಗೆ ಆರಿಹೋಯಿತು. ಮಂಕಾಗಲಿಲ್ಲ, ಹಳದಿಗೆ ತಿರುಗಲಿಲ್ಲ. ಇತ್ತು, ಇಲ್ಲವಾಯಿತು.

ನಾನು ಬೆಳೆದ ಕಾಲದ ಟಾರ್ಚ್ ಹೀಗೆ ಕೈಕೊಡುತ್ತಿರಲಿಲ್ಲ. ಬೆಳಕು ಹಳದಿಯಾಗಿ, ಆಮೇಲೆ ಕೆಂಪು ಚುಕ್ಕಿಯಾಗಿ, ಮೂರು ನಾಲ್ಕು ರಾತ್ರಿ ಮುಂಚೆಯೇ ಹೇಳಿ ಹೋಗುತ್ತಿತ್ತು. ಅಪ್ಪ ಸೆಲ್ ತೆಗೆದು ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಸಿಲಿಗೆ ಇಡುತ್ತಿದ್ದರು. ಸಂಜೆ ಹಾಕಿದರೆ ಮತ್ತೆ ಒಂದಿಷ್ಟು ಬೆಳಕು. ಈಗ ನನ್ನ ಟಾರ್ಚಿನಲ್ಲಿರುವುದು ಚಾರ್ಜ್ ಮಾಡುವ ಪೆನ್ಸಿಲ್ ಸೆಲ್, ಮೂರು. ಮೇ ತಿಂಗಳಲ್ಲಿ ಪೂರ್ತಿ ಚಾರ್ಜ್ ಮಾಡಿ ಮೊಳೆಗೆ ನೇತುಹಾಕಿದ್ದೆ. ಆಮೇಲೆ ಮುಟ್ಟಿದ್ದೇ ಇಲ್ಲ.

ಎರಡು ಪ್ರಶ್ನೆ ಬರೆದಿಡುತ್ತೇನೆ. ಮುಟ್ಟದೆ ಇಟ್ಟ ಸೆಲ್ಲಿನಿಂದ ಚಾರ್ಜ್ ಎಲ್ಲಿಗೆ ಹೋಯಿತು? ಹೋಗುವಾಗ ಹೇಳಿ ಹೋಗಲಿಲ್ಲ ಏಕೆ?

ಮರುದಿನ

ನಮ್ಮ ಕಡೆ ಟಾರ್ಚಿಗೇ ‘ಬ್ಯಾಟ್ರಿ’ ಎನ್ನುವುದು, ಒಳಗೆ ಹಾಕುವುದು ‘ಸೆಲ್’. ಪುಸ್ತಕದಲ್ಲೂ ಹಾಗೆಯೇ ಇದೆ: ಒಂದೊಂದು ಸೆಲ್, ಅವನ್ನು ಸಾಲಾಗಿ ಜೋಡಿಸಿದರೆ ಬ್ಯಾಟರಿ. ಪೆನ್ಸಿಲ್ ಸೆಲ್ಲಿಗೆ ಬ್ಯಾಟರಿ ಎನ್ನುವವರಿಗಿಂತ ನಮ್ಮ ಅಜ್ಜಿಯಂದಿರ ಮಾತು ಹೆಚ್ಚು ಸರಿ.

ಕರೆಂಟ್ ಬಂದ ಮೇಲೆ ಸೆಲ್ ಚಾರ್ಜಿಗೆ ಇಡಲು ಹೊರಟಾಗ ಮೊಮ್ಮಗಳು ಕೇಳಿದಳು, “ಚಾರ್ಜ್ ತುಂಬಿದ ಮೇಲೆ ಭಾರ ಆಗ್ತದಾ ಅಜ್ಜ?” ನನಗೂ ಬೇಕಾದ ಪ್ರಶ್ನೆ ಅದು. ಖಾಲಿ ಸೆಲ್ಲನ್ನು ಪೇಟೆಯ ಚಿನ್ನದ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆ. 27 ಗ್ರಾಂ, ಮೇಲೆ ಸ್ವಲ್ಪ. ಸಂಜೆ ಚಾರ್ಜ್ ಮಾಡಿ ಮರುದಿನ ಮತ್ತೆ ಒಯ್ದೆ. ಅದೇ 27, ಮೇಲಿನ ಸ್ವಲ್ಪವೂ ಅದೇ. ಅಂಗಡಿಯವರು ಎರಡು ಸಲ ಇಟ್ಟು ತೆಗೆದರು. ಮುಳ್ಳು ಅಲ್ಲಾಡಲಿಲ್ಲ ಎನ್ನೋಣ ಅಂದರೆ ಈಗ ಮುಳ್ಳೇ ಇಲ್ಲ, ಅಂಕಿ. ಅಂಕಿ ಬದಲಾಗಲಿಲ್ಲ.

ಅಲ್ಲಿಗೆ ನನ್ನ ತಲೆಯಲ್ಲಿದ್ದ ಚಿತ್ರ ಬಿದ್ದುಹೋಯಿತು. ಸೆಲ್ ಎಂದರೆ ಕೊಡಪಾನ, ಕರೆಂಟ್ ಎಂದರೆ ನೀರು, ಚಾರ್ಜರ್ ಎಂದರೆ ನಲ್ಲಿ ಎಂದುಕೊಂಡಿದ್ದೆ. ಹಾಗಿದ್ದರೆ ತುಂಬಿದ ಕೊಡ ಭಾರವಾಗಬೇಕಿತ್ತು.

ಎರಡು ದಿನ ಬಿಟ್ಟು

ಅಟ್ಟ. ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಸಿಗಲಿಲ್ಲ.

ಹಳೆ ಮನೆಯಲ್ಲಿ ಅಕ್ಕಿಮುಡಿಗಳನ್ನು ಅಟ್ಟಕ್ಕೆ ಏರಿಸುವುದು ನೆನಪಿದೆ. ಇಬ್ಬರು ಕೆಳಗಿಂದ ಎತ್ತಿ, ಒಬ್ಬ ಮೇಲಿಂದ ಎಳೆದು, ಬೆವರು ಸುರಿಸಬೇಕು. ಇಳಿಸುವಾಗ ಹಗ್ಗ ಸಡಿಲ ಬಿಟ್ಟರೆ ತಾನಾಗಿ ಇಳಿಯುತ್ತದೆ. ಏರಿಸಿದಾಗಲೂ ಇಳಿಸಿದಾಗಲೂ ಮನೆಯ ಒಟ್ಟು ಮುಡಿ ಅಷ್ಟೇ. ಬದಲಾದದ್ದು ಮುಡಿ ಇರುವ ಜಾಗ. ಸೆಲ್ಲಿನೊಳಗೆ ನಡೆಯುವುದೂ ಇದೇ. ಚಾರ್ಜ್ ಮಾಡುವುದೆಂದರೆ ಒಳಗಿನ ವಸ್ತುಗಳನ್ನು, ತಾವಾಗಿ ಹೋಗದ ಕಡೆಗೆ, ಬಲ ಹಾಕಿ ದೂಡುವುದು. ಬಳಸುವುದೆಂದರೆ ಅವು ಮರಳಿ ಬರಲು ಬಿಡುವುದು. ಬರುವಾಗ ಹೊರಗಿನ ತಂತಿಯ ದಾರಿಯಲ್ಲಿ ಎಲೆಕ್ಟ್ರಾನುಗಳು ನಡೆದು ಬರಬೇಕು. ಆ ನಡಿಗೆಯೇ ನಮ್ಮ ಬೆಳಕು.

ನನ್ನ ಪೆನ್ಸಿಲ್ ಸೆಲ್ಲಿನ ಮೈಮೇಲೆ ನಿಕಲ್ ಮೆಟಲ್ ಹೈಡ್ರೈಡ್ ಎಂದು ಬರೆದಿದೆ. ಧನ ತುದಿಯ ಕಡೆ ನಿಕಲ್‌ನ ಒಂದು ಸಂಯುಕ್ತ. ಋಣ ತುದಿಯ ಕಡೆ ನಿಕಲ್ ಮತ್ತು ಲ್ಯಾಂಥನಂನಂಥ ಲೋಹಗಳನ್ನು ಬೆರೆಸಿದ ಮಿಶ್ರಲೋಹ. ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಕ್ಷಾರದಲ್ಲಿ ನೆನೆದ ತೆಳು ಪದರ. ಚಾರ್ಜ್ ಮಾಡುವಾಗ ಹೈಡ್ರೋಜನ್ ಆ ಮಿಶ್ರಲೋಹದೊಳಗೆ ಹೋಗಿ ಕೂರುತ್ತದೆ. ಲೋಹದೊಳಗೆ! ಒದ್ದೆ ಬಟ್ಟೆಯೊಳಗೆ ನೀರು ಕೂತ ಹಾಗೆ, ಗಟ್ಟಿ ಲೋಹದ ಪರಮಾಣುಗಳ ಸಂದಿಯಲ್ಲಿ. ಬಳಸುವಾಗ ಅಲ್ಲಿಂದ ಹೊರಬರುತ್ತದೆ. ಗಾಳಿಯಲ್ಲಿ ಹಾರಿಹೋಗುವ ವಸ್ತುವನ್ನು ಲೋಹದಲ್ಲಿ ಕೂರಿಸಿ ಟಾರ್ಚಿನಲ್ಲಿಟ್ಟು ನಡೆಯುತ್ತಿದ್ದೇನೆ ಎಂದು ತಿಳಿದ ರಾತ್ರಿ ಆ ಸೆಲ್ಲನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದೆ.

ಹಳೆ ಸೆಲ್, ಒಂದು ನೆನಪು

ಶಾಲೆಗೆ ಹೋಗುವಾಗ ತೀರಿದ ದೊಡ್ಡ ಸೆಲ್ ಸಿಕ್ಕಿದರೆ ಕಲ್ಲಿನಿಂದ ಜಜ್ಜಿ ಒಳಗಿನ ಕಪ್ಪು ಕಡ್ಡಿ ತೆಗೆಯುತ್ತಿದ್ದೆವು. ಗೋಡೆಯ ಮೇಲೆ ಬರೆಯಲು ಅದಕ್ಕಿಂತ ಒಳ್ಳೆಯದು ಬೇರೆ ಇರಲಿಲ್ಲ. ಕೈಯೆಲ್ಲ ಕಪ್ಪು. ಆಗ ಗಮನಿಸಿದ್ದು, ಅರ್ಥವಾಗದೆ ಬಿಟ್ಟದ್ದು ಒಂದಿದೆ: ತೀರಿದ ಸೆಲ್ಲಿನ ಹೊರಗಿನ ತಗಡು ಅಲ್ಲಲ್ಲಿ ತೂತಾಗಿರುತ್ತಿತ್ತು, ಇರುವಲ್ಲಿ ಕಾಗದದಷ್ಟು ತೆಳು.

ಆ ತಗಡೇ ಸೌದೆ ಎಂದು ಈಗ ತಿಳಿಯಿತು. ಅದು ಸತು. ಬೆಳಕು ಕೊಟ್ಟಷ್ಟೂ ಸತು ಕರಗುತ್ತದೆ. ಸುಟ್ಟ ಸೌದೆ ಮತ್ತೆ ಸೌದೆಯಾಗದು. ಚಾರ್ಜರಿಗೆ ಹಾಕಿ ಬಲವಂತ ಮಾಡಿದರೆ ಸತು ಮೊದಲಿದ್ದ ಜಾಗಕ್ಕೆ ನೀಟಾಗಿ ಮರಳುವುದಿಲ್ಲ, ಒಳಗೆ ಅನಿಲ ಹುಟ್ಟುತ್ತದೆ, ಸೆಲ್ ಸೋರುತ್ತದೆ, ಒಮ್ಮೊಮ್ಮೆ ಒಡೆಯುತ್ತದೆ. ಬಿಸಿಲಿಗಿಟ್ಟಾಗ ಬರುತ್ತಿದ್ದ ಬೆಳಕು ಹೊಸದಾಗಿ ತುಂಬಿದ್ದಲ್ಲ. ಬಿಸಿಗೆ ಒಳಗಿನ ಕ್ರಿಯೆ ಚುರುಕಾಗಿ, ಉಳಿದಿದ್ದ ಚೂರುಪಾರು ಹೊರಬರುತ್ತಿತ್ತು. ಅಪ್ಪನ ಉಪಾಯ ಸರಿಯಾಗಿಯೇ ಇತ್ತು. ಆದರೆ ಅದೇ ಉಪಾಯವನ್ನು ಚಾರ್ಜ್ ಮಾಡುವ ಸೆಲ್ಲಿಗೆ ಮಾಡಬಾರದು. ಬಿಸಿಲು ಅದಕ್ಕೆ ನೇರ ಶತ್ರು.

ಮೊಮ್ಮಗಳಿಗೆ ತೋರಿಸಿದ ಒಂದು ಪರೀಕ್ಷೆ: ಆಲ್ಕಲೈನ್ ಎಂದು ಬರೆದಿರುವ ಸೆಲ್ಲನ್ನು ಒಂದು ಗೇಣು ಮೇಲಿನಿಂದ ನೆಲಕ್ಕೆ ನೆಟ್ಟಗೆ ಬಿಟ್ಟರೆ, ಹೊಸದು ದೊಪ್ಪನೆ ಕೂರುತ್ತದೆ, ಬಳಸಿದ್ದು ಪುಟಿದು ಬೀಳುತ್ತದೆ. ಒಳಗೆ ಮೆತ್ತಗಿದ್ದ ಸತುವಿನ ಲೇಹ ಆಕ್ಸೈಡ್ ಆಗಿ ಗಟ್ಟಿಯಾಗುವುದರಿಂದ ಹೀಗೆ. ಎಷ್ಟು ಉಳಿದಿದೆ ಎಂದು ಇದರಿಂದ ಹೇಳಲಾಗದು, ಹೊಸದೋ ಬಳಸಿದ್ದೋ ಎಂದು ಹೇಳಬಹುದು. ಚಾರ್ಜ್ ಮಾಡುವ ಸೆಲ್ಲಿಗೆ ಈ ಪರೀಕ್ಷೆ ನಡೆಯುವುದಿಲ್ಲ.

ಜೂನ್ ಕೊನೆ

ಕಾರ್ಕಳಕ್ಕೆ ಹೋದಾಗ ಒಂದು ಮಲ್ಟಿಮೀಟರ್ ತಂದೆ. ಬಸ್ಸಿನಲ್ಲಿ ಬಜಗೋಳಿ, ಹೊಸ್ಮಾರು ದಾಟುವವರೆಗೂ ಅದರ ಡಬ್ಬ ತೊಡೆಯ ಮೇಲೆಯೇ ಇತ್ತು.

ಅಳೆದದ್ದು: ಅಂಗಡಿಯಿಂದ ತಂದ ಸಾಮಾನ್ಯ ಸೆಲ್ 1.5 ವೋಲ್ಟಿನ ಮೇಲೆ ತೋರಿಸಿತು. ಚಾರ್ಜರಿನಿಂದ ಆಗಷ್ಟೇ ತೆಗೆದ ನನ್ನ ಸೆಲ್ 1.42. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ 1.35ರ ಹತ್ತಿರ. ಟಾರ್ಚ್ ಒಂದು ಗಂಟೆ ಉರಿಸಿ ನೋಡಿದೆ, 1.27. ಇನ್ನೊಂದು ಗಂಟೆ, 1.25. ಮತ್ತೊಂದು ಗಂಟೆ, 1.24. ಇದೇನು, ಇಳಿಯುವುದೇ ಇಲ್ಲವಲ್ಲ ಎಂದುಕೊಂಡೆ. ಆಮೇಲೆ ಊಟ ಮಾಡಿ ಬರುವಷ್ಟರಲ್ಲಿ 1.05.

ಆ ರಾತ್ರಿಯ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಾಮಾನ್ಯ ಸೆಲ್ 1.5ರಿಂದ ಹೊರಟು ಘಾಟಿ ಇಳಿದ ಹಾಗೆ ಮೆಲ್ಲಗೆ ಇಳಿಯುತ್ತ 0.9ರವರೆಗೆ ಬರುತ್ತದೆ. ಬೆಳಕು ಅದರ ಜೊತೆಗೇ ಮಂಕಾಗುತ್ತದೆ. ಚಾರ್ಜ್ ಮಾಡುವ ಸೆಲ್ 1.2ರ ಆಸುಪಾಸಿನಲ್ಲಿ ಬಯಲು ನೆಲದಂತೆ ನಡೆದು, ಕೊನೆಗೆ ಒಮ್ಮೆಲೇ ಕಣಿವೆಗೆ ಬೀಳುತ್ತದೆ. ಹೆಚ್ಚು ಹೊತ್ತು ಒಂದೇ ಸಮನಾದ ಬೆಳಕು ಕೊಡುವುದು ಅದರ ಗುಣ, ಮುನ್ಸೂಚನೆ ಕೊಡದಿರುವುದು ಆ ಗುಣದ ಇನ್ನೊಂದು ಮುಖ. ಆದ್ದರಿಂದ ಬದಲಿ ಸೆಲ್ ಮೂರು ಸದಾ ಚಾರ್ಜ್ ಆಗಿ ಕೈಗೆ ಸಿಗುವಲ್ಲಿ ಇರಬೇಕು.

ಹೆಂಡತಿ ಗೋಡೆ ಗಡಿಯಾರಕ್ಕೂ ಚಾರ್ಜಿನ ಸೆಲ್ಲೇ ಹಾಕೋಣ ಎಂದಳು. ಬೇಡ ಎಂದೆ. ಗಡಿಯಾರ ಚೂರು ಚೂರೇ ಕುಡಿಯುವ ಯಂತ್ರ, ಒಂದು ಸಾಮಾನ್ಯ ಸೆಲ್ ವರ್ಷದ ಮೇಲೆ ಬರುತ್ತದೆ. ಟಿವಿ ರಿಮೋಟೂ ಹಾಗೆಯೇ. ಚಾರ್ಜಿನ ಸೆಲ್ ಇರಬೇಕಾದದ್ದು ಒಮ್ಮೆಲೇ ಬಹಳ ಎಳೆಯುವಲ್ಲಿ: ಟಾರ್ಚ್, ಮಕ್ಕಳ ಓಡುವ ಕಾರು, ಕ್ಯಾಮೆರಾ, ರಾತ್ರಿಯಿಡೀ ಹಾಡುವ ರೇಡಿಯೋ.

ಒಂದು ಲೆಕ್ಕ, ಅಂಚಿನಲ್ಲಿ

ನನ್ನ ಸೆಲ್ಲಿನ ಮೇಲೆ 2000 ಎಂಎಎಚ್ ಎಂದಿದೆ. 200 ಮಿಲಿ ಆಂಪೇರ್ ಎಳೆಯುವ ಟಾರ್ಚನ್ನು ಹತ್ತು ಗಂಟೆ ಉರಿಸಬಹುದು ಎಂದು ಅರ್ಥ. 1.2 ವೋಲ್ಟಿನಿಂದ ಗುಣಿಸಿದರೆ 2.4 ವಾಟ್ ಅವರ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವಾಟ್ ಅವರ್, ಅಂದರೆ ಇಂಥ ನಾನೂರು ಸೆಲ್ಲಿನ ಮೇಲೆ. ಅಗ್ಗದ ಸಾಮಾನ್ಯ ಪೆನ್ಸಿಲ್ ಸೆಲ್ಲಿನಲ್ಲಿ ಸಿಗುವುದು ಒಂದು ವಾಟ್ ಅವರ್‌ನ ಆಸುಪಾಸು. ಸೆಲ್ಲಿಗೆ 15 ರೂಪಾಯಿ ಹಿಡಿದರೂ ಒಂದು ಯೂನಿಟ್ ಕರೆಂಟಿಗೆ 15,000 ರೂಪಾಯಿ ಕೊಟ್ಟ ಹಾಗಾಯಿತು. ಈ ಲೆಕ್ಕವನ್ನು ಮೂರು ಸಲ ಮಾಡಿದೆ, ತಪ್ಪಿಲ್ಲ.

ಜುಲೈ ಮೊದಲಲ್ಲಿ: ಮೊದಲ ಪ್ರಶ್ನೆಗೆ ಬರುತ್ತೇನೆ

ಮುಟ್ಟದ ಸೆಲ್ ಖಾಲಿಯಾದದ್ದು ಹೇಗೆ. ಅಟ್ಟದ ಮುಡಿ ತಾನಾಗಿ ಜಾರಿದ ಹಾಗೆ. ಒಳಗೇ ಸಣ್ಣಪುಟ್ಟ ಅಡ್ಡದಾರಿಗಳಿರುತ್ತವೆ, ವಸ್ತುಗಳು ತಂತಿಯ ದಾರಿ ಹಿಡಿಯದೆ ಅಲ್ಲಿಂದಲೇ ಮರಳುತ್ತವೆ. ಹಳೆ ಬಗೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಒಂದು ತಿಂಗಳಲ್ಲೇ ಐದನೇ ಒಂದು ಪಾಲಿನಿಂದ ಮೂರನೇ ಒಂದು ಪಾಲಿನವರೆಗೆ ಹೀಗೆ ಕಳೆದುಕೊಳ್ಳುತ್ತದೆ. ಬಿಸಿ ಇದ್ದಷ್ಟೂ ಬೇಗ. ನಮ್ಮ ಮೇ ತಿಂಗಳ ಸೆಕೆಯಲ್ಲಿ ಹಂಚಿನಡಿ ನೇತುಹಾಕಿದ ಟಾರ್ಚಿನಲ್ಲಿ ಏನಾಗಿರಬೇಕು!

2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಎಂಬ ಸೆಲ್ ತಂದಿತು. ಸೋರಿಕೆ ಕಡಿಮೆ, ವರ್ಷ ಇಟ್ಟರೂ ಮುಕ್ಕಾಲು ಪಾಲಿನಷ್ಟು ಉಳಿಯುತ್ತದೆ. ಈಗ ಹಲವರು ಆ ಬಗೆಯದನ್ನು ಮಾಡುತ್ತಾರೆ. ಪೊಟ್ಟಣದ ಮೇಲೆ ‘ಪ್ರೀ ಚಾರ್ಜ್ಡ್’ ಅಥವಾ ‘ರೆಡಿ ಟು ಯೂಸ್’ ಎಂದಿದ್ದರೆ ಸಾಮಾನ್ಯವಾಗಿ ಅದೇ ಜಾತಿ. ಎಂಎಎಚ್ ಅಂಕಿ ಸ್ವಲ್ಪ ಕಡಿಮೆ ಇರುತ್ತದೆ, 2000ದ ಹತ್ತಿರ. 2700 ಎಂದು ಬರೆದದ್ದಕ್ಕಿಂತ ನಮ್ಮ ಮಳೆಗಾಲಕ್ಕೆ ಇದೇ ಆದೀತು. ಮೊಳೆಯ ಮೇಲೆ ಕಾಯುವ ಟಾರ್ಚಿಗೆ ಕಾಯಲು ಬರುವ ಸೆಲ್ ಬೇಕು.

ಅದೇ ವಾರ: ಮೂವರಲ್ಲಿ ಒಬ್ಬ

ಚಾರ್ಜ್ ಮಾಡಿ ಹಾಕಿದರೂ ಟಾರ್ಚ್ ಅರ್ಧ ಗಂಟೆಗೇ ಆರುತ್ತಿತ್ತು. ಸೆಲ್ ಮೂರನ್ನೂ ಬಿಸಾಡುವ ಮುನ್ನ ಮೀಟರ್ ಹಿಡಿದೆ. ಒಂದು 1.26. ಇನ್ನೊಂದು 1.26. ಮೂರನೆಯದು, ಟಾರ್ಚ್ ಉರಿಯುತ್ತಿರುವಾಗಲೇ ಅಳೆದರೆ, ಸೊನ್ನೆಗಿಂತ ಕೆಳಗೆ. ಮೀಟರಿನಲ್ಲಿ ಋಣ ಚಿಹ್ನೆ. ಕಡ್ಡಿ ಅದಲುಬದಲಾಯಿತೇನೋ ಎಂದು ಮತ್ತೆ ಇಟ್ಟೆ. ಅದೇ ಋಣ ಚಿಹ್ನೆ.

ಸಾಲಿನಲ್ಲಿ ಒಂದು ಸೆಲ್ ಮೊದಲೇ ಖಾಲಿಯಾದರೆ ಉಳಿದ ಎರಡು ಸುಮ್ಮನಿರುವುದಿಲ್ಲ. ಅವುಗಳ ಕರೆಂಟ್ ಖಾಲಿ ಸೆಲ್ಲಿನ ಮೂಲಕವೇ ಹಾದುಹೋಗಬೇಕಲ್ಲ. ಅದನ್ನು ಹಿಮ್ಮುಖವಾಗಿ ಚಾರ್ಜ್ ಮಾಡುತ್ತವೆ. ಧನ ಋಣವಾಗುತ್ತದೆ, ಒಳಗೆ ಅನಿಲ ಹುಟ್ಟುತ್ತದೆ. ಹೀಗೆ ನಾಲ್ಕು ಸಲ ಆದರೆ ಆ ಸೆಲ್ಲಿನ ಕತೆ ಮುಗಿಯಿತು. ನನ್ನ ಮನೆಯಲ್ಲಿ ಇದು ಆದದ್ದು ನನ್ನದೇ ಕೈಯಿಂದ: ಹಳೆಯ ಎರಡಕ್ಕೆ ಹೊಸದೊಂದು, ಒಂದು ಕಂಪನಿಯ ಎರಡಕ್ಕೆ ಬೇರೆ ಕಂಪನಿಯದೊಂದು, ಸಿಕ್ಕಿದ್ದನ್ನು ಸೇರಿಸಿ ಹಾಕುತ್ತಿದ್ದೆ.

ಈಗ ಒಟ್ಟಿಗೆ ಕೊಂಡ ಮೂರಕ್ಕೆ ಉಗುರಿನ ಬಣ್ಣದಿಂದ ಕೆಂಪು ಚುಕ್ಕಿ, ಇನ್ನು ಮೂರಕ್ಕೆ ಹಸಿರು. ಕೆಂಪು ಕೆಂಪಿನ ಜೊತೆಗೇ ಹೋಗುತ್ತದೆ, ಒಟ್ಟಿಗೇ ಚಾರ್ಜ್ ಆಗುತ್ತದೆ. ಬೆಳಕು ಸ್ವಲ್ಪವಾದರೂ ಕುಗ್ಗಿದ್ದು ಕಂಡರೆ ಕೂಡಲೇ ಟಾರ್ಚ್ ಆರಿಸಬೇಕು. ಇನ್ನೊಂದು ಐದು ನಿಮಿಷ ಎಂದು ಎಳೆಯಬಾರದು.

ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಎಂಬ ಮಾತು ನಮ್ಮಲ್ಲಿ ಈಗಲೂ ಉಂಟು. ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಸೆಲ್ಲಿನ ಕಾಲದ್ದು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದ ಆ ಸೆಲ್ಲಿಗೆ ಅರ್ಧ ಬಳಸಿ ಅರ್ಧ ತುಂಬುತ್ತಾ ಹೋದರೆ ಅಷ್ಟಕ್ಕೇ ಒಗ್ಗಿಕೊಳ್ಳುವ ಗುಣವಿತ್ತು. ಈಗಿನ ಸೆಲ್ಲಿಗೆ ಆ ಶಿಸ್ತು ಬೇಡ. ಅರ್ಧದಲ್ಲಿ ಚಾರ್ಜ್ ಮಾಡಿ, ತೊಂದರೆಯಿಲ್ಲ.

ಚಾರ್ಜರ್

ಇದನ್ನು ಒತ್ತಿ ಬರೆಯುತ್ತೇನೆ. ಸೆಲ್ ಸಾಯುವುದು ಬಳಸಿ ಅಲ್ಲ, ಹೆಚ್ಚಿನವು ಸಾಯುವುದು ಚಾರ್ಜರಿನಲ್ಲಿ.

ಸೆಲ್ಲಿನ ಜೊತೆ ಬಂದಿದ್ದ ನನ್ನ ಮೊದಲ ಚಾರ್ಜರಿಗೆ ಒಂದು ಕೆಂಪು ದೀಪ ಮಾತ್ರ ಇತ್ತು. ಸೆಲ್ ತುಂಬಿದರೂ ದೀಪ ಉರಿಯುತ್ತದೆ, ತುಂಬದಿದ್ದರೂ ಉರಿಯುತ್ತದೆ. ಅಂಥದ್ದು ಗಡಿಯಾರ ನೋಡಿ ನಾವೇ ತೆಗೆಯಬೇಕಾದದ್ದು. 2000ದ ಸೆಲ್ಲಿಗೆ 200 ಮಿಲಿ ಆಂಪೇರ್ ಕೊಡುವ ಚಾರ್ಜರಾದರೆ ಹತ್ತು ಗಂಟೆ ಸಾಲದು, ಹದಿನಾಲ್ಕರಿಂದ ಹದಿನಾರು ಗಂಟೆ ಬೇಕು, ಏಕೆಂದರೆ ಕೊಟ್ಟದ್ದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ನಾನು ಸಂಜೆ ಇಟ್ಟು ಮರುದಿನ ಸಂಜೆ, ಒಮ್ಮೊಮ್ಮೆ ನಾಡಿದ್ದು ತೆಗೆಯುತ್ತಿದ್ದೆ. ಮುಟ್ಟಿದರೆ ಕೈ ಚುರುಕ್ ಎನ್ನುತ್ತಿತ್ತು. ಚೆನ್ನಾಗಿ ತುಂಬಿದೆ ಎಂದುಕೊಳ್ಳುತ್ತಿದ್ದೆ. ಅದು ಸೆಲ್ಲಿನ ಜ್ವರ.

ಒಳ್ಳೆಯ ಚಾರ್ಜರ್ ತುಂಬಿದ್ದನ್ನು ಹೇಗೆ ತಿಳಿಯುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಚಾರ್ಜ್ ಆಗುತ್ತಾ ಸೆಲ್ಲಿನ ವೋಲ್ಟೇಜ್ ಏರುತ್ತಾ ಹೋಗುತ್ತದೆ. ಪೂರ್ತಿಯಾದ ಗಳಿಗೆಯಲ್ಲಿ ಇನ್ನು ಏರುವ ಬದಲು ಒಂದು ಚೂರು ಇಳಿಯುತ್ತದೆ, ಕೆಲವೇ ಮಿಲಿವೋಲ್ಟ್. ಆ ಚೂರು ತಗ್ಗನ್ನು ಚಾರ್ಜರ್ ಗುರುತಿಸಿ ನಿಲ್ಲಿಸುತ್ತದೆ. ಹಾಲು ಉಕ್ಕುವ ಮುಂಚಿನ ಒಂದು ಕ್ಷಣವನ್ನು ಅಡುಗೆಮನೆಯಲ್ಲಿ ಗುರುತಿಸುವವರಿದ್ದಾರಲ್ಲ, ಹಾಗೆ. ಪ್ರತಿ ಸೆಲ್ಲಿಗೂ ಬೇರೆ ಬೇರೆ ದೀಪ ಇರುವ, ಒಂದೊಂದನ್ನೇ ನೋಡಿಕೊಳ್ಳುವ ಚಾರ್ಜರ್ ತೆಗೆದುಕೊಳ್ಳಿ. ಸೆಲ್ಲಿಗಿಂತ ಹೆಚ್ಚು ದುಡ್ಡು ಚಾರ್ಜರಿಗೆ ಕೊಡಿ. ನನ್ನ ಇಡೀ ಮಳೆಗಾಲದ ಪಾಠ ಇದು.

ಬೆಳಗಿನ ಜಾವ ನಾಲ್ಕು

ನಿದ್ದೆ ಬಾರದೆ ಜಗಲಿಯಲ್ಲಿ ಕೂತಿದ್ದೆ. ಎದುರು ಗುಡ್ಡದ ರಬ್ಬರ್ ತೋಟದಲ್ಲಿ ಬಿಳಿ ಬೆಳಕೊಂದು ಮರದಿಂದ ಮರಕ್ಕೆ ಹೋಗುತ್ತಿದೆ. ಒಂದು ಮರದ ಮುಂದೆ ಅರೆಗಳಿಗೆ ಬಾಗಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಟ್ಯಾಪಿಂಗಿನವರ ತಲೆಯ ದೀಪ. ತಂಪು ಹೊತ್ತಿನಲ್ಲಿ ಮರದೊಳಗೆ ಒತ್ತಡ ಹೆಚ್ಚಿರುವುದರಿಂದ ಹಾಲು ಚೆನ್ನಾಗಿ ಹರಿಯುತ್ತದೆ, ಹಾಗಾಗಿ ಸೂರ್ಯ ಮೂಡುವ ಮೊದಲೇ ಕೆಲಸ. ಎರಡೂ ಕೈ ಖಾಲಿ ಇರಬೇಕು, ಕತ್ತಿ ಹಿಡಿಯಲು. ಹೊಟ್ಟೆಪಾಡಿಗೆ ಸೆಲ್ಲನ್ನು ಇಷ್ಟು ನಂಬಿದವರು ನಮ್ಮೂರಲ್ಲಿ ಬೇರೆ ಇಲ್ಲ.

ಆ ತಲೆಯ ದೀಪದಲ್ಲಿರುವುದು ಲಿಥಿಯಂ ಅಯಾನ್ ಸೆಲ್. 18650 ಎಂದು ಹೆಸರು. ಅಡ್ಡಳತೆ 18 ಮಿಲಿಮೀಟರ್, ಉದ್ದ 65, ಕೊನೆಯ ಸೊನ್ನೆ ಉರುಟಾಗಿದೆ ಎಂದು ಹೇಳಲು. ವೋಲ್ಟೇಜ್ 3.7, ತುಂಬಿದಾಗ 4.2. ಮೊಬೈಲಿನೊಳಗೆ ಇರುವುದೂ ಇದೇ ವಂಶ. ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳಿಗೂ ಇನ್ನೊಂದು ಬದಿಯ ಆಕ್ಸೈಡ್ ಪದರಗಳಿಗೂ ನಡುವೆ ಓಡಾಡುತ್ತವೆ. ಆಕ್ಸೈಡ್ ಬದಿಯನ್ನು 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಕಂಡರು, 1985ರಲ್ಲಿ ಅಕಿರಾ ಯೋಶಿನೊ ಬಳಸಲು ಬರುವ ಸೆಲ್ ಮಾಡಿದರು, 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು. ದಾರಿ ತೆರೆದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅವರನ್ನೂ ಸೇರಿಸಿ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ.

ನೆರೆಯ ಟ್ಯಾಪರ್ ಒಬ್ಬರು ಸಂತೆಯಲ್ಲಿ ಕೊಂಡ ಸೆಲ್ ತೋರಿಸಿದರು. ಮೇಲೆ 9900 ಎಂಎಎಚ್ ಎಂದು ಅಚ್ಚು. “ಎರಡು ಗಂಟೆ ಸಹ ಬರುದಿಲ್ಲ ಮಾರಾಯ್ರೇ” ಎಂದರು. ಈ ಗಾತ್ರದ ಸೆಲ್ಲಿನಲ್ಲಿ 3500ರ ಸುತ್ತಮುತ್ತಕ್ಕೆ ಮಿತಿ. ಅದಕ್ಕಿಂತ ಬಹಳ ಮೇಲಿನ ಅಂಕಿ ಬರೆದದ್ದು ಸುಳ್ಳು. ಚಿನ್ನದ ಅಂಗಡಿಯ ತಕ್ಕಡಿ ಮತ್ತೆ ಉಪಯೋಗಕ್ಕೆ ಬಂತು. ಸರಿಯಾದ 18650 ಸುಮಾರು 45 ಗ್ರಾಂ ಇರಬೇಕು. ಇದು 28.

ಲಿಥಿಯಂ ಸೆಲ್ಲಿನ ಬಗ್ಗೆ ಅವರಿಗೆ ಹೇಳಿದ್ದನ್ನು ಇಲ್ಲೂ ಬರೆದಿಡುತ್ತೇನೆ. ಅದರ ಜೊತೆ ಬಂದ ಅಡಾಪ್ಟರನ್ನೇ ಬಳಸಿ. ಹಾಸಿಗೆಯ ಮೇಲೆ, ರಬ್ಬರ್ ಶೀಟಿನ ಹತ್ತಿರ ಚಾರ್ಜಿಗೆ ಇಡಬೇಡಿ, ಕಲ್ಲಿನ ಮೆಟ್ಟಿಲ ಮೇಲೆ ಇಡಿ. ಟ್ಯಾಪಿಂಗ್ ನಿಂತ ತಿಂಗಳುಗಳಲ್ಲಿ ಪೂರ್ತಿ ತುಂಬಿಸಿಯೂ ಬೇಡ, ಖಾಲಿಯಾಗಿಯೂ ಬೇಡ, ಅರ್ಧ ಚಾರ್ಜಿನಲ್ಲಿ ತಂಪಾದ ಜಾಗದಲ್ಲಿಡಿ. ಉಬ್ಬಿದ್ದು ಕಂಡರೆ ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೆ ಹಾಕಲೇಬೇಡಿ.

ಆಟಿ

ಆಟಿ ತಿಂಗಳ ಮಳೆ, ಜುಲೈ ಆಗಸ್ಟಿನದು. ಸೂರ್ಯನಾರಾಯಣ ದೇವಸ್ಥಾನ ಇರುವ ಊರಿನಲ್ಲಿ ಏಳು ದಿನದಿಂದ ಸೂರ್ಯನ ಮುಖ ಕಂಡಿಲ್ಲ.

ಕುತ್ಲೂರಿನ ಬದಿಯಿಂದ, ಕಾಡಂಚಿನ ಮನೆಯ ಪರಿಚಯದವರೊಬ್ಬರು ಬಂದಿದ್ದರು. ಅವರ ಸೋಲಾರ್ ದೀಪ ಸಂಜೆ ಏಳಕ್ಕೇ ಆರುತ್ತದಂತೆ. ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿ ಸೋಲಾರ್ ದೀಪಕ್ಕೆ ಒಂದು ಚರಿತ್ರೆಯೇ ಇದೆ. ಹರೀಶ್ ಹಂದೆ ಅವರು 1995ರಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದರು, ಬಡವರೂ ಸೋಲಾರ್ ಕೊಳ್ಳಬಲ್ಲರು ಎಂದು ತೋರಿಸಿದ್ದಕ್ಕೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 1982ರಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಸ್ವಸಹಾಯ ಸಂಘಗಳ ಮೂಲಕ ಇಂಥ ದೀಪಗಳಿಗೆ ಸಾಲ ಕೊಟ್ಟಿತು, ಆ ಕೆಲಸಕ್ಕೆ 2012ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿಯೂ ಬಂತು. ವಾರದ ಕಂತಿನಲ್ಲಿ ಬೆಳಕು ಮನೆಗೆ ಬಂದದ್ದನ್ನು ನಾನು ಕಣ್ಣಾರೆ ನೋಡಿದವನು.

ಆ ದೀಪಗಳ ಜೀವ ಇದ್ದದ್ದು ಸೋಲಾರ್ ಹಲಗೆಯಲ್ಲಲ್ಲ, ಕೆಳಗಿನ ಸೀಸದ ಬ್ಯಾಟರಿಯಲ್ಲಿ. ಚಾರ್ಜ್ ಮಾಡಲು ಬರುವ ಬ್ಯಾಟರಿಗಳಲ್ಲಿ ಮೊದಲನೆಯದೇ ಅದು. 1859ರಲ್ಲಿ ಫ್ರಾನ್ಸಿನ ಗ್ಯಾಸ್ತೋಂ ಪ್ಲಾಂತೆ ಎರಡು ಸೀಸದ ತಗಡುಗಳ ನಡುವೆ ಬಟ್ಟೆಯಿಟ್ಟು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ್ದು. ಬಳಸುವಾಗ ಆಮ್ಲದ ಗಂಧಕಾಂಶ ಎರಡೂ ಫಲಕಗಳಿಗೆ ಹತ್ತಿ ಸೀಸದ ಸಲ್ಫೇಟ್ ಆಗುತ್ತದೆ. ಚಾರ್ಜ್ ಮಾಡಿದರೆ ಬಿಟ್ಟು ಆಮ್ಲಕ್ಕೆ ಮರಳುತ್ತದೆ. ಕೂಡಲೇ ಚಾರ್ಜ್ ಮಾಡದೆ ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಮತ್ತೆ ಬಿಡುವುದಿಲ್ಲ. ಗೊಬ್ಬರದ ಚೀಲ ಮಳೆಗಾಲದಲ್ಲಿ ಕಲ್ಲಾದ ಹಾಗೆ.

ಸೋಲಾರ್ ಬ್ಯಾಟರಿ ನಮ್ಮಲ್ಲಿ ಸಾಯುವುದು ಆಟಿಯಲ್ಲಿ ಎಂದು ನನಗೆ ಖಚಿತವಾಗಿದೆ. ಹಗಲು ತುಂಬುವುದು ಕಡಿಮೆ, ರಾತ್ರಿ ಬಳಸುವುದು ಹೆಚ್ಚು. ಬ್ಯಾಟರಿ ತಗ್ಗಿದಾಗ ಪೆಟ್ಟಿಗೆಯೊಳಗಿನ ಕಂಟ್ರೋಲರ್ ದೀಪ ಕತ್ತರಿಸುತ್ತದೆ, ಅದು ಬ್ಯಾಟರಿಯ ಪ್ರಾಣ ಕಾಯಲು. ಆದರೆ ಪರಿಚಯದವರು ಕಂಟ್ರೋಲರ್ ಬಿಟ್ಟು ‘ಡೈರೆಕ್ಟ್’ ಕೊಟ್ಟಿದ್ದರು. ಮೀಟರಿಟ್ಟಾಗ 10.6 ವೋಲ್ಟ್. ತುಂಬಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟ ಬ್ಯಾಟರಿ 12.6 ತೋರಿಸಬೇಕು, 12.2ಕ್ಕೆ ಬಂದರೆ ಅರ್ಧ ಎಂದು ತಿಳಿಯಬೇಕು. ತಂತಿಯನ್ನು ಕಂಟ್ರೋಲರಿಗೆ ಮರಳಿ ಕೊಟ್ಟು, ಬ್ಯಾಟರಿಯನ್ನು ನನ್ನ ಮನೆಗೆ ತರಿಸಿ ಎರಡು ದಿನ ಮೆಲ್ಲಗೆ ಚಾರ್ಜ್ ಮಾಡಿದೆ. ಮುಕ್ಕಾಲು ಪಾಲು ಮರಳಿತು. ಮಳೆಗಾಲದಲ್ಲಿ ನಾಲ್ಕು ದೀಪದ ಬದಲು ಒಂದೇ ಉರಿಸಿ ಎಂದು ಹೇಳಿ ಕಳಿಸಿದೆ.

ಇನ್ವರ್ಟರ್ ಕುಡಿಯುವ ನೀರು

ನಮ್ಮ ಜಗಲಿಯ 150 ಆಂಪೇರ್ ಅವರ್ ಬ್ಯಾಟರಿಗೂ ಮೂರು ತಿಂಗಳಿಗೊಮ್ಮೆ ನೀರು ಬೇಕು. ಆಮ್ಲ ಹಾಕಬೇಕಲ್ಲವೇ, ನೀರು ಏಕೆ? ತುಂಬಿದ ಮೇಲೂ ಚಾರ್ಜ್ ನಡೆದಾಗ ಒಳಗಿನ ನೀರು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆದು ಹಾರಿಹೋಗುತ್ತದೆ. ಆಮ್ಲ ಎಲ್ಲೂ ಹೋಗುವುದಿಲ್ಲ. ಆದ್ದರಿಂದ ಹೋದದ್ದನ್ನಷ್ಟೇ ಕೊಡಬೇಕು, ಅದೂ ಡಿಸ್ಟಿಲ್ಡ್ ವಾಟರ್. ಮುರಕಲ್ಲಿನ ಬಾವಿಯ ನೀರಿನಲ್ಲಿ ಕಬ್ಬಿಣ ಇರುತ್ತದೆ, ಅದು ಫಲಕಗಳನ್ನು ಕೆಡಿಸುತ್ತದೆ.

ಆಯುಧ ಪೂಜೆಯ ದಿನ ನಾವು ಬ್ಯಾಟರಿಗೂ ಹೂ ಇಟ್ಟು, ಆರತಿ ಎತ್ತಿ, ಊದುಬತ್ತಿಯನ್ನು ಅದರ ಮುಚ್ಚಳದ ಸಂದಿಗೇ ಸಿಕ್ಕಿಸುತ್ತಿದ್ದೆವು. ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ ನಾಲ್ಕು ಪಾಲು ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹೂ ಇಡಿ, ಕುಂಕುಮ ಇಡಿ. ದೀಪ, ಊದುಬತ್ತಿ ದೂರ ಇರಲಿ. ಬ್ಯಾಟರಿಯ ಸುತ್ತ ಗಾಳಿಯಾಡಲಿ.

ಆಗಸ್ಟ್ ಕೊನೆ

ತೋಟದಲ್ಲಿ ಗೊಬ್ಬರದ ಗುಂಡಿ ತೆಗೆಯುವಾಗ ಕಿಲುಬು ಹಿಡಿದ ಸೆಲ್ಲುಗಳು ಸಿಕ್ಕಿದವು, ಹನ್ನೊಂದು. ನಾವೇ ಎಸೆದದ್ದು. ಎರಡರ ಮೇಲೆ ನಿಕಲ್ ಕ್ಯಾಡ್ಮಿಯಂ ಎಂಬ ಅಕ್ಷರ ಇನ್ನೂ ಓದಲು ಬರುತ್ತಿತ್ತು, ಹಳೆ ಕಾರ್ಡ್‌ಲೆಸ್ ಫೋನಿನವು. ಜಪಾನಿನ ತೊಯಾಮಾದಲ್ಲಿ ಗಣಿಯಿಂದ ನದಿಗೆ ಸೇರಿದ ಕ್ಯಾಡ್ಮಿಯಂ ಗದ್ದೆಗೆ ಹರಿದು, ಅಕ್ಕಿಗೆ ಏರಿ, ಉಂಡವರ ಮೂಳೆ ಮುರಿಯಿತು. ಆ ಕಾಯಿಲೆಗೆ ಇಟಾಯ್ ಇಟಾಯ್ ಎಂದು ಹೆಸರು, ನೋವು ನೋವು ಎಂದು ಅರ್ಥ. 1968ರಲ್ಲಿ ಅಲ್ಲಿನ ಸರ್ಕಾರ ಕಾರಣವನ್ನು ಒಪ್ಪಿತು. ಅದು ಗಣಿಯ ಕತೆ, ನಮ್ಮದು ಎರಡು ಸೆಲ್. ಆದರೂ ಲೋಹ ಅದೇ, ಗದ್ದೆಯೂ ಅದೇ ಬಗೆಯದು.

ಸೆಲ್ಲಿನ ಮೈಮೇಲೆ ಗೀಟು ಹೊಡೆದ ಕಸದ ತೊಟ್ಟಿಯ ಚಿತ್ರ ಇರುತ್ತದೆ, ಕಸಕ್ಕೆ ಹಾಕಬೇಡಿ ಎಂದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ತೀರಿದ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಸೀಸದ ಬ್ಯಾಟರಿಯನ್ನು ಅಂಗಡಿಯವರೇ ತೂಕಕ್ಕೆ ತೆಗೆದುಕೊಳ್ಳುತ್ತಾರೆ, ಅದು ಎಲ್ಲೂ ಬಿದ್ದಿರುವುದಿಲ್ಲ. ಬಿದ್ದಿರುವುದು ಸಣ್ಣ ಸೆಲ್ಲುಗಳು.

ಅಡುಗೆಮನೆಯ ಕಪಾಟಿನ ಮೇಲೆ ಈಗ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ತೀರಿದ ಸೆಲ್ಲಿನ ಎರಡೂ ತುದಿಗೆ ಟೇಪ್ ಅಂಟಿಸಿ ಅದಕ್ಕೆ ಹಾಕುತ್ತೇವೆ, ಒಂದಕ್ಕೊಂದು ತಾಗಿ ಬಿಸಿಯಾಗದಿರಲೆಂದು. ನಿಮ್ಮ ಮನೆಯಲ್ಲೂ ಒಂದು ಡಬ್ಬಿ ಇಡಿ. ಬೆಳ್ತಂಗಡಿಗೋ ಮೂಡುಬಿದಿರೆಗೋ ಕಾರ್ಕಳಕ್ಕೋ ಹೋಗುವಾಗ ಸೆಲ್ ಕೊಂಡ ಅಂಗಡಿಗೇ ಅದನ್ನು ಒಯ್ದು, ಹಳೆಯದನ್ನು ತೆಗೆದುಕೊಳ್ಳಿ ಎಂದು ಕೇಳಿ. ತೆಗೆದುಕೊಳ್ಳದಿದ್ದರೆ ಮುಂದಿನ ಸಲ ಮತ್ತೆ ಕೇಳಿ.